ಕಿವಿಗೆ ಬೀಳುವ ತನಕ

ಅಕ್ಕೂರಿನಲ್ಲಿ ಬೋರಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಆದರೆ ಊರು ನೆನೆಸಿಕೊಂಡು ನಗುತ್ತಿದ್ದುದು ಅವಳ ಬಾಯಿಯನ್ನಲ್ಲ, ಕಿವಿಯನ್ನು.

ಆವತ್ತು ಅವಳ ಮನೆಯಲ್ಲಿ ಹುಳ ಹಣ್ಣಾಗಿದ್ದವು. ರೇಷ್ಮೆ ಸಾಕಿದವರಿಗೆ ಗೊತ್ತು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಗೆ ಬೆಂಕಿ ಬಿದ್ದರೂ ಒಂದು ಗಳಿಗೆ ತಾಳು ಅನ್ನಬೇಕು. ಬಿದಿರಿನ ಚಂದ್ರಿಕೆಯ ಒಂದು ತುದಿ ಬೋರಮ್ಮ, ಇನ್ನೊಂದು ತುದಿ ಪಕ್ಕದ ಮನೆಯ ಮುನೇಶ್ ಹಿಡಿದು ಅಂಗಳಕ್ಕೆ ತರುತ್ತಿದ್ದರು. ಅಷ್ಟರಲ್ಲಿ ಬೋರಮ್ಮನ ತವರು ತಿಪ್ಪಸಂದ್ರದಿಂದ ಒಬ್ಬ ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಂತ. ಅವನ ಮುಖ ನೋಡಿದ್ದೇ ತಡ, ಬೋರಮ್ಮ ಕೂಗಿದಳು.

"ಲೇ, ಬಾಯಿ ಬುಟ್ಟೀಯ! ಹುಳ ಹಣ್ಣಾಗವೆ. ಕಿವಿಗೆ ಬಿದ್ರೆ ಸೂತಕ, ಹುಳದ ಮನೆಗೆ ಕಾಲಿಡಂಗಿಲ್ಲ. ಅಲ್ಲೇ ಜಗಲಿ ಮ್ಯಾಲೆ ಕುಂತ್ಕೊ."

ಪಾಪ, ಅವನು ಎರಡು ಗಂಟೆ ಹೊತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತ. ಕಾಫಿ ಕೊಟ್ಟಳು, ಅದನ್ನೂ ಮಾತಾಡದೆ ಕುಡಿದ. ಕೊನೆಯ ಚಂದ್ರಿಕೆ ಆಚೆಗೆ ಬಂದ ಮೇಲೆ ಬೋರಮ್ಮ ಕೈಕಾಲು ತೊಳೆದುಕೊಂಡು, ಮೆಟ್ಟಿಲ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, "ಈಗ ಹೇಳು. ಯಾರು?" ಅಂದಳು. ಅವನು ಬಾಯಿ ತೆರೆಯುವ ಮೊದಲೇ ಎದೆ ಬಡಿದುಕೊಂಡು ಅಳತೊಡಗಿದಳು. ಹೋಗಿದ್ದವನು ಅವಳ ಅಣ್ಣ. ಅಣ್ಣ ಸತ್ತದ್ದು ಬೆಳಿಗ್ಗೆ, ಬೋರಮ್ಮನಿಗೆ ಸತ್ತದ್ದು ಮಧ್ಯಾಹ್ನ.

ಈ ಕತೆಯನ್ನು ಮುನೇಶ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಭಿನಯಿಸಿ ತೋರಿಸಿ ಎಷ್ಟು ಸಲ ನಗಿಸಿದ್ದನೋ ಲೆಕ್ಕವಿಲ್ಲ.

ಅವನಿಗೆ ಓಟ ಅಂಟಿದ್ದು ಆ ಕಾರ್ಖಾನೆಯ ಬಸ್ಸಿನಿಂದ. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ. ರಾಗಿ ಹೊಲಗಳೆಲ್ಲ ತಗಡಿನ ಶೆಡ್ಡುಗಳಾಗಿ, ಅವನ ಓರಗೆಯ ಅರ್ಧ ಊರು ಅಲ್ಲಿಗೆ ಹೋಗಿ ಬೀಳುತ್ತಿದ್ದ ಕಾಲ ಅದು. ಮುನೇಶನಿಗೆ ಬೆಳಗಿನ ನಿದ್ದೆ ಬಿಡದು. ವಾರಕ್ಕೆರಡು ಸಲ ಬಸ್ಸು ತಪ್ಪುತ್ತಿತ್ತು. ಬಸ್ಸು ನಾಲ್ಕೂರು ಸುತ್ತಿಕೊಂಡು ಹೆದ್ದಾರಿ ಸೇರುವಷ್ಟರಲ್ಲಿ ಇವನು ಹಿಪ್ಪುನೇರಳೆ ತೋಟಗಳ ಬದುವಿನ ಮೇಲೆ ಅಡ್ಡ ಓಡಿ ಮುಂದಿನ ಸ್ಟಾಪಿನಲ್ಲಿ ಹತ್ತುತ್ತಿದ್ದ. "ಬಂದ್ನಪ್ಪ ನಮ್ಮ ಎಕ್ಸ್‌ಪ್ರೆಸ್ಸು" ಎಂದು ಡ್ರೈವರು ಬಾಗಿಲು ತೆಗೆಯುತ್ತಿದ್ದ. ಅದೆಲ್ಲ ನಗುವ ಕಾಲದ ಮಾತು.

ಸುಚಿತ್ರಾ ಅವನ ಸೋದರತ್ತೆಯ ಮಗಳು. ಚಿಕ್ಕಂದಿನಿಂದ ಬಾವ ಎಂದೇ ಕರೆದವಳು, ಹೆಂಡತಿಯಾದ ಮೇಲೂ ಅದೇ. ಎರಡನೆಯ ಸಲವೂ ಬಸಿರು ನಿಲ್ಲದೆ ಹೋದಾಗ ಏರಿದ ಬಿ.ಪಿ. ಇಳಿಯಲೇ ಇಲ್ಲ. ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾಗುವ ಹೊತ್ತಿಗೆ ಅವಳ ಪಾದ ಎಷ್ಟು ಊದಿದ್ದವೆಂದರೆ ಚನ್ನಪಟ್ಟಣದ ಆಚಾರಿ ಕಾಲುಂಗುರಗಳನ್ನು ಕತ್ತರಿಸಿಯೇ ತೆಗೆಯಬೇಕಾಯಿತು. "ಗಂಡ ಇರೋಳ ಕಾಲುಂಗ್ರ ಕತ್ತರಿಸೋದು ನನ್ನ ಕೈಲಿ ಆಗಾಕಿಲ್ಲ ತಾಯಿ" ಎಂದು ಆತ ಮೊದಲು ಒಪ್ಪಿರಲಿಲ್ಲ. ಆ ಬೆಳ್ಳಿಯ ತುಂಡುಗಳನ್ನು ಅವಳು ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ ಬೆಂಗಳೂರಿನ ದಾರಿ. ಸೋಮವಾರ, ಗುರುವಾರ. ಬೆಳಗಿನ ಐದರ ಬಸ್ಸು, ನಾಲ್ಕು ಗಂಟೆ ಮಿಷನ್ನಿಗೆ ಹಾಕಿ ರಕ್ತ ತೊಳೆಯುವುದು, ಸಂಜೆ ವಾಂತಿ ಮಾಡುತ್ತ ವಾಪಸು. ಅದೇ ಬಸ್ಸಿನಲ್ಲಿ ಅದೇ ಮಿಷನ್ನಿಗೆ ಹೋಗುವವರು ಒಟ್ಟು ಎಂಟು ಜನ. ಕೂಟಗಲ್ಲಿನ ನಿವೃತ್ತ ಮೇಷ್ಟ್ರು ಅಂಕಯ್ಯ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಹಫೀಜಾ, ಹೀಗೆ. ಎರಡು ವರ್ಷದಲ್ಲಿ ಎಂಟು ಐದಾಯಿತು. ಯಾರ ಸೀಟು ಖಾಲಿಯಾದರೂ ಯಾರೂ ಏನೂ ಕೇಳುತ್ತಿರಲಿಲ್ಲ. ಅಂಕಯ್ಯ ಮೇಷ್ಟ್ರು ಮಾತ್ರ ಆ ದಿನ ಖಾಲಿ ಸೀಟಿನ ಮೇಲೆ ತಮ್ಮ ಬಟ್ಟೆ ಚೀಲ ಇಟ್ಟುಬಿಡುತ್ತಿದ್ದರು, ಬೇರೆ ಯಾರೂ ಬಂದು ಕೂರದ ಹಾಗೆ.

"ಕಾಯಿಲೆ ಕೊಲ್ತಿಲ್ಲ ಮುನೇಶ, ಈ ರೋಡು ಕೊಲ್ತಾ ಐತೆ," ಎಂದಿದ್ದರು ಮೇಷ್ಟ್ರು ಒಮ್ಮೆ. "ಚನ್ನಪಟ್ಟಣದಲ್ಲೇ ಒಂದು ಮಿಷನ್ ಇದ್ದಿದ್ರೆ ಆ ಮೂರು ಜನ ಇವತ್ತೂ ಬಸ್ಸಲ್ಲಿ ಕಿಟಕಿ ಸೀಟಿಗೆ ಜಗಳ ಆಡ್ತಿರೋರು."

ಈ ಮಾತು ಮುನೇಶನ ತಲೆಯಲ್ಲಿ ಕೂತಿದ್ದಾಗಲೇ ಕಾರ್ಖಾನೆಯ ಬೋರ್ಡಿನ ಮೇಲೆ ಚೀಟಿ ಬಿತ್ತು. ರಾಮನಗರ ಜಿಲ್ಲೆಯಾದ ಖುಷಿಗೆ ಬಿಡದಿ ಕಡೆಯ ಕೆಲವು ಕಂಪನಿಗಳು ಸೇರಿ ಮಾಡಿಕೊಂಡ ಟ್ರಸ್ಟೊಂದು ಮ್ಯಾರಥಾನ್ ಇಟ್ಟಿತ್ತು. ಕನಕಪುರದಿಂದ ಹೊರಟು, ರಾಮನಗರದಲ್ಲಿ ಹೆದ್ದಾರಿಗೆ ಬಂದು, ಕೆಂಗಲ್ ದಾಟಿ, ಚನ್ನಪಟ್ಟಣ ಸುತ್ತಿ ಕಾಲೇಜು ಮೈದಾನ. ನಲವತ್ತೆರಡು ಕಿಲೋಮೀಟರ್. ಓಡುವವನು ಒಂದು ಒಳ್ಳೆಯ ಕೆಲಸಕ್ಕೆಂದು ಜನರಿಂದ ದುಡ್ಡು ಕೂಡಿಸಬೇಕು. ಆರೂವರೆ ಗಂಟೆಯೊಳಗೆ ಓಡಿ ಮುಗಿಸಿದರೆ ಅವನು ಕೂಡಿಸಿದ್ದರ ಮೂರರಷ್ಟು ಟ್ರಸ್ಟು ಹಾಕುತ್ತದೆ. ಮುಗಿಸದಿದ್ದರೆ ಬಿಡಿಗಾಸಿಲ್ಲ.

ಮುನೇಶ್ ಟ್ರಸ್ಟಿನ ಅಧಿಕಾರಿ ಅನಂತರಾಜು ಅವರ ಮುಂದೆ ನಿಂತು, "ಡಯಾಲಿಸಿಸ್ ಮಿಷನ್ ಸಾರ್, ಚನ್ನಪಟ್ಟಣಕ್ಕೆ," ಅಂದ. ಅವರು ಮೂರು ತಿಂಗಳಿದೆ ಎಂದು ಬೆನ್ನು ತಟ್ಟಿ ರಸೀದಿ ಪುಸ್ತಕ ಕೊಟ್ಟರು. ಅದರ ಮೇಲೆ ದಪ್ಪಕ್ಷರದಲ್ಲಿ 'ಪ್ಲೆಡ್ಜ್' ಅಂತ ಇತ್ತು. ಎಲ್ಲ ತಪ್ಪಿದ್ದು ಆ ಶಬ್ದದಿಂದ.

ಹಾಲಿನ ಡೈರಿಯ ಮುಂದೆ ಮುನೇಶ್ ಪುಸ್ತಕ ಬಿಚ್ಚಿದಾಗ ಮುನಿಶಾಮಯ್ಯ ಬಗ್ಗಿ ನೋಡಿದ. ಡೈರಿಯ ಕಾರ್ಯದರ್ಶಿ ಅವನು, ನಾಲ್ಕಕ್ಷರ ಬಲ್ಲವನು.

"ಪ್ಲೆಜ್ಜಾ? ಏನು ಅಡ ಇಡಾಕೆ ಹೊಂಟಿದ್ದೀಯಲಾ? ಒಡವೆನಾ, ಜಮೀನಾ?"

"ಕಾಲು," ಅಂದ ಮುನೇಶ್.

"ಥೂ, ನಿನ್ನ ಒಣಕಲು ಕಾಲ ಯಾವ ಸೇಟು ಇಟ್ಕತಾನ್ಲಾ!"

ಎಲ್ಲರೂ ನಕ್ಕರು. ಮಿಷನ್ನು, ಟ್ರಸ್ಟು, ಮೂರರಷ್ಟು ಅಂತ ಅವನು ಎಷ್ಟು ಬಿಡಿಸಿ ಹೇಳಿದರೂ ಒಬ್ಬರ ಕೈಯೂ ಜೇಬಿಗೆ ಹೋಗಲಿಲ್ಲ. ಕಂಪನಿಯವರ ದುಡ್ಡಿನಲ್ಲಿ ಏನೋ ಮರ್ಮ ಇರುತ್ತೆ ಅನ್ನುವುದು ಜಮೀನು ಕೊಟ್ಟವರ ಅನುಭವ. ಆಗ ಹಾಲು ಹಾಕಲು ಬಂದಿದ್ದ ಬೋರಮ್ಮ ಬಾಯಿ ಹಾಕಿದಳು.

"ತಡಿ ಮಗ. ನೀನು ಓಡಿ ಮುಗಿಸಿದ್ರೆ ಕೆಲ್ಸ ಆಯ್ತದೆ, ಮುಗಿಸ್ದೆ ಇದ್ರೆ ಇಲ್ಲ. ಅಷ್ಟೇ ತಾನೆ?"

"ಊಂ ಕಣವ್ವ."

"ಅಯ್ಯೋ ನಿಮ್ಮ ಬಾಯಿಗೆ ಮಣ್ಣಾಕ, ಇದು ಹರಕೆ ಕಣ್ರೋ! ಇಂಗ್ಲಿಸಲ್ಲಿ ಅದಕ್ಕೆ ಪ್ಲೆಜ್ಜು ಅಂತಾರೆ ಅಷ್ಟೇಯ."

ಮನೆಗೆ ಹೋಗಿ ಅರಿಸಿನದಲ್ಲಿ ಅದ್ದಿದ ಬಟ್ಟೆಯ ಚೂರು ತಂದಳು. ಅದರಲ್ಲಿ ಒಂದು ರೂಪಾಯಿಯ ನಾಣ್ಯ, ಮಡಿಸಿದ ನೋಟುಗಳು. ಕೆಂಗಲ್ ಹನುಮಪ್ಪನ ಕಡೆ ತಿರುಗಿ ಕೈಮುಗಿದು ಮೂರು ಗಂಟು ಹಾಕಿದಳು. ಮುಡಿಪು.

ಆಗಲೇ ಮುನೇಶ್, ಇದು ದೇವರ ಲೆಕ್ಕ ಅಲ್ಲ ಕಣವ್ವ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆಂದರೆ ಮಿಷನ್ನಿಗೆ ಹತ್ತು ರೂಪಾಯಿ ಬಿಚ್ಚದವರು ಹರಕೆಗೆ ನೂರು ಕಟ್ಟುತ್ತಾರೆ ಅನ್ನುವುದು ಆ ಗಂಟನ್ನು ನೋಡಿದ ಕೂಡಲೇ ಅವನಿಗೆ ಹೊಳೆದಿತ್ತು. ಹಾಗೇ ಆಯಿತು. ಒಂದೇ ತಿಂಗಳಿಗೆ ಸುತ್ತ ಏಳೂರಿನಿಂದ ಹಳದಿ ಗಂಟುಗಳು ಬಂದವು. ಗೂಡು ಮಾರಿ ಬಂದವರು ಸಂತೆಗೂ ಮೊದಲು ಮುಡಿಪು ಕಟ್ಟಿದರು. ಹಫೀಜಾ ತನ್ನ ಬೀದಿಯವರಿಂದ ಹಸಿರು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಬಂದಳು. ಎಲ್ಲವೂ ಸುಚಿತ್ರಾಳ ಹಿತ್ತಾಳೆ ಕೊಡಕ್ಕೆ ಬಿದ್ದವು.

ಆದರೆ ಹರಕೆ ಅಂದಮೇಲೆ ಹರಕೆಯ ಕಟ್ಟಳೆಯೂ ಬಂತು. ಓಟ ಮುಗಿಯುವ ತನಕ ಗಂಟು ಬಿಚ್ಚುವಂತಿಲ್ಲ. ಕತ್ತರಿ ಮುಟ್ಟಿಸುವಂತಿಲ್ಲ. ಓಡುವವನ ಕೈಯಿಂದಲೇ ಬಿಚ್ಚಲು ಶುರುವಾಗಬೇಕು. ಓಟ ಅರ್ಧಕ್ಕೆ ನಿಂತರೆ, ಇಲ್ಲಾ ನಡುವೆ ಮೈಲಿಗೆ ಸೂತಕ ಏನಾದರೂ ಬಂದರೆ ಹರಕೆ ಕೆಟ್ಟಂತೆ. ಕೊಡ ಹಾಗೇ ಹೋಗಿ ಹನುಮಪ್ಪನ ಹುಂಡಿಗೆ. ಅನಂತರಾಜು ಕೊಡ ನೋಡಿ ತಲೆ ಚಚ್ಚಿಕೊಂಡರು. "ಏನ್ರೀ ಮುನೇಶ್ ಇದು? ರಸೀದಿ ಕೊಡಿ ಅಂದ್ರೆ ಗಂಟು ತಂದಿದ್ದೀರಲ್ಲ!" ಕೊನೆಗೆ, ಓಟ ಮುಗಿದ ಅರ್ಧ ಗಂಟೆಯೊಳಗೆ ಮೈದಾನದಲ್ಲೇ ಬಿಚ್ಚಿ ಬರೆಸಿದರೆ ಸರಿ, ಆಮೇಲೆ ತಂದರೆ ಒಂದು ಪೈಸೆಯೂ ಸೇರಿಸುವುದಿಲ್ಲ ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಮುನೇಶನ ಪಾಲಿಗೆ ಇಬ್ಬರೂ ಪೂಜಾರಿಗಳೇ.

ಅವನು ಓಡಿದ. ಕೆಲಸದ ದಿನ ಕೋಳಿ ಕೂಗುವ ಮೊದಲೇ ಎದ್ದು ಓಡಿದ. ಸೋಮವಾರ ಗುರುವಾರ ಸುಚಿತ್ರಾಳನ್ನು ಒಳಗೆ ಮಿಷನ್ನಿಗೆ ಬಿಟ್ಟು ಆಸ್ಪತ್ರೆಯ ಕಾಂಪೌಂಡು ಸುತ್ತ ಓಡಿದ. ಅವಳಿಗೆ ನಾಲ್ಕು ಗಂಟೆ, ಅವನಿಗೂ ನಾಲ್ಕು ಗಂಟೆ. ವಾಚ್‌ಮನ್ ಮೊದಲ ದಿನ ಕಳ್ಳ ಅಂತ ಹಿಡಿದ, ಎರಡನೇ ವಾರ ಹುಚ್ಚ ಅಂತ ಬಿಟ್ಟ.

"ಒಳಗೆ ನನ್ನ ರಕ್ತ ಸುತ್ತಾ ಇರ್ತದೆ, ಹೊರಗೆ ನೀನು ಸುತ್ತಾ ಇರ್ತೀಯ," ಅಂದಳು ಸುಚಿತ್ರಾ. "ಯಾರು ಮೊದ್ಲು ಸುಸ್ತಾಯ್ತಾರೆ ನೋಡನ ಬಾವ."

ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಓಟವಲ್ಲ, ನೀರು. ಅವಳಿಗೆ ದಿನಕ್ಕೆ ಅರ್ಧ ಲೀಟರ್, ಗುಳಿಗೆ ನುಂಗುವುದೂ ಸೇರಿ. ಬಾಯಾರಿದಾಗ ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಂಡು ಸುಮ್ಮನಾಗುವಳು. ಇವನು ಹತ್ತು ಹದಿನೈದು ಕಿಲೋಮೀಟರ್ ಓಡಿ ಬೆವರು ಸುರಿಸಿಕೊಂಡು ಬಂದು, ಒಂದು ಚೊಂಬು ನೀರನ್ನು ಅವಳ ಮುಂದೆ ಗಟಗಟ ಕುಡಿಯುವುದು ಹೇಗೆ? ಹಿತ್ತಿಲಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಸದ್ದಾಗದ ಹಾಗೆ ಕುಡಿಯುತ್ತಿದ್ದ. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುತ್ತಿದ್ದಳು.

ಓಟಕ್ಕೆ ಮೂರು ದಿನ ಇರುವಾಗ, ಗುರುವಾರ, ಬಿಡದಿ ಹತ್ತಿರ ಕಾರ್ಖಾನೆಯ ಉದ್ದನೆಯ ಟ್ರೈಲರೊಂದು ರಸ್ತೆಗೆ ಅಡ್ಡ ಉರುಳಿತು. ಮೂರು ಗಂಟೆ ಬಸ್ಸು ಅಲ್ಲಾಡಲಿಲ್ಲ. ಬೆಂಗಳೂರು ಮುಟ್ಟುವ ಹೊತ್ತಿಗೆ ಅವರ ಸರದಿ ಹೋಗಿತ್ತು. ಕೈಕಾಲು ಹಿಡಿದ ಮೇಲೆ ಎರಡೇ ಗಂಟೆ ಮಿಷನ್ ಸಿಕ್ಕಿತು. "ಸೋಮವಾರ ಪೂರ್ತಿ ಮಾಡ್ತೀವಿ, ಅಲ್ಲಿತನಕ ನೀರು ಹುಷಾರು," ಅಂದರು.

ಶನಿವಾರ ಸಂಜೆ ಅವನು ಕನಕಪುರಕ್ಕೆ ಹೊರಡಬೇಕು. ಅವಳ ಮುಖ ಊದಿತ್ತು.

"ನಾನು ಹೋಗಾಕಿಲ್ಲ ಸುಚಿ. ಹಾಳಾಗ್ ಹೋಗ್ಲಿ ಮಿಷನ್ನು."

"ನಿಂತ್ರೆ ಏನ್ ಮಾಡ್ತೀಯ? ನನ್ನ ಮುಖ ನೋಡ್ತಾ ಕುಂತಿರ್ತೀಯ. ಸೋಮವಾರಕ್ಕೆ ಮೆಹಬೂಬಣ್ಣನ ವ್ಯಾನು ಹೇಳೈತೆ, ಬೋರವ್ವ ಇರ್ತಾಳೆ." ಮೆಹಬೂಬ್ ಅಂದರೆ ಹಫೀಜಾಳ ಗಂಡ, ಹಸಿರು ಪರದೆಯ ಬಿಳಿ ವ್ಯಾನು ಬಾಡಿಗೆಗೆ ಓಡಿಸುತ್ತಿದ್ದ. "ಅಲ್ಲ ಬಾವ, ಒಂದು ಕೇಳ್ತೀನಿ. ಇದು ನನಗೊಬ್ಬಳಿಗೇ ಅಂತ ಓಡ್ತಿದ್ದೀಯಾ?"

ಹೌದು ಅನ್ನಬೇಕೆನಿಸಿತು ಅವನಿಗೆ. ನಿನಗೊಬ್ಬಳಿಗೇ ಕಣೆ, ಮಿಕ್ಕವರೆಲ್ಲ ನೆಪ. "ಇಲ್ಲ," ಅಂದ.

"ಅಂಗಾದ್ರೆ ನಾನು ಇದ್ರೂ ಓಡು, ಇಲ್ದಿದ್ರೂ ಓಡು. ಅಂಕಯ್ಯ ಮೇಷ್ಟ್ರ ಚೀಲ ನೋಡಿ ನೋಡಿ ನಂಗೆ ಸಾಕಾಗೈತೆ." ಸೊಂಟದಿಂದ ಒಂದು ಪುಟ್ಟ ಹಳದಿ ಗಂಟು ತೆಗೆದು ಕೊಡದೊಳಗೆ ಹಾಕಿದಳು.

"ನಿಂಗ್ಯಾಕೆ ಮುಡಿಪು?"

"ಯಾಕೆ, ನಾನೇನು ಊರೋಳಲ್ವಾ?"

ಮನೆಯಲ್ಲಿದ್ದ ಒಂದೇ ಒಂದು ಮೊಬೈಲನ್ನು ಅವಳ ದಿಂಬಿನ ಕೆಳಗಿಟ್ಟು ಅವನು ಹೊರಟ. ತಿರುವಿನಲ್ಲಿ ಹಿಂದಿರುಗಿ ನೋಡಿದ. ಅವಳು ಬಾಗಿಲಿಗೆ ಒರಗಿ, ಹೋಗು ಹೋಗು ಅಂತ ಕೈ ಬೀಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಆರಕ್ಕೆ ಕನಕಪುರದಲ್ಲಿ ಪೀಪಿ ಊದಿದರು. ಬಣ್ಣದ ಬನಿಯನ್ನು ಹಾಕಿಕೊಂಡು ಬೆಂಗಳೂರಿನಿಂದ ಬಂದವರೆಲ್ಲ ಬಾಣ ಬಿಟ್ಟ ಹಾಗೆ ಹೋದರು. ಮುನೇಶ್ ಬಸ್ಸು ಹಿಡಿಯುವವನ ಹಾಗೆಯೇ ಓಡಿದ. ಮೊದಲ ಹತ್ತು ಕಿಲೋಮೀಟರ್ ಗೊತ್ತೇ ಆಗಲಿಲ್ಲ. ಬಂಡೆಬೆಟ್ಟಗಳ ಹಿಂದಿನಿಂದ ಬಿಸಿಲು ಮೇಲೆ ಬಂದ ಮೇಲೆ ಎಡಗಾಲಿನ ಮಂಡಿ ನೋಯತೊಡಗಿತು. ಇಪ್ಪತ್ತಕ್ಕೆ ಬರುವಾಗ ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲ ಒದ್ದೆಯಾಯಿತು. ಆಸ್ಪತ್ರೆಯ ಕಾಂಪೌಂಡಿನ ಸುತ್ತುಗಳನ್ನು ನೆನೆಸಿಕೊಂಡ. ಇದು ಮೊದಲನೇ ಗಂಟೆ, ಇದು ಎರಡನೆಯದು, ಒಳಗೆ ಅವಳು ಮಲಗಿದ್ದಾಳೆ, ಇನ್ನೊಂದು ಸುತ್ತು.

ರಾಮನಗರಕ್ಕೆ ಬರುವಾಗ ಒಂಬತ್ತು ದಾಟಿತ್ತು. ಹೆದ್ದಾರಿ ಸೇರುವ ತಿರುವಿನಲ್ಲಿ ಹಫೀಜಾ ಹೇಳಿದ ಮಾತಿನಂತೆ ನಿಂಬೆಹಣ್ಣಿನ ನೀರು ಹಿಡಿದು ನಿಂತಿದ್ದಳು. ಬಸ್ಸಿನಲ್ಲಿ ಬೆಂಗಳೂರು ಬರುವ ತನಕ ಬಾಯಿ ಮುಚ್ಚದ ಹೆಂಗಸು ಅವಳು. ಇವತ್ತು ನೆಲ ನೋಡುತ್ತ ಲೋಟ ಚಾಚಿದಳು. ಅರ್ಧ ನೀರು ನೆಲಕ್ಕೆ ಚೆಲ್ಲಿತು. ಪಕ್ಕದಲ್ಲಿ ಅವಳ ಅಕ್ಕನ ಮಗಳು ಮುನ್ನೀ, ಕೈಯಲ್ಲಿ ಮೊಬೈಲು, ಮುಖವೆಲ್ಲ ಅತ್ತು ಕೆಂಪಾಗಿತ್ತು.

"ಏನಕ್ಕ?" ಅಂದ ಮುನೇಶ್.

"ಓಡಣ್ಣ," ಅಂದಳು ಹಫೀಜಾ. "ಅಲ್ಲಾನ ಮೇಲೆ ಭಾರ ಹಾಕಿ ಓಡು. ನಿಲ್ಬೇಡ."

ಅವಳಿಗೇ ಮೈ ಸರಿಯಿಲ್ಲವೇನೋ ಎಂದುಕೊಂಡ. ಗಂಡನ ಜೊತೆ ಜಗಳವಾಯಿತೇನೋ ಎಂದುಕೊಂಡ. ಓಡುವವನಿಗೆ ಏನು ಬೇಕಾದರೂ ಅಂದುಕೊಳ್ಳಲು ಪುರುಸೊತ್ತಿರುತ್ತದೆ.

ಮೂವತ್ತಮೂರನೆಯ ಕಿಲೋಮೀಟರಿನ ಫಲಕದ ಹತ್ತಿರ, ಕೆಂಗಲ್ ಇನ್ನು ಸ್ವಲ್ಪವೇ ದೂರ ಇರುವಾಗ, ಹಿಂದಿನಿಂದ ಬಿಳಿ ವ್ಯಾನೊಂದು ಬಂದು ಅವನನ್ನು ದಾಟಿ ನಿಧಾನವಾಯಿತು. ಹಸಿರು ಪರದೆ ಪೂರ್ತಿ ಎಳೆದಿತ್ತು.

ಆ ವ್ಯಾನು ಗೊತ್ತು ಮಾಡಿದ್ದು ಸೋಮವಾರಕ್ಕೆ. ಇವತ್ತು ಭಾನುವಾರ. ರಾತ್ರಿ ಅವಳಿಗೆ ಹೆಚ್ಚಾಗಿ ಬೆಳಿಗ್ಗೆಯೇ ಬೆಂಗಳೂರಿಗೆ ಹೊರಟಿದ್ದರೆ, ಈ ಹೊತ್ತಿಗೆ ವ್ಯಾನು ಆಸ್ಪತ್ರೆಯ ಮುಂದೆ ನಿಂತಿರಬೇಕು. ಇದು ಬೆಂಗಳೂರಿನ ಕಡೆಯಿಂದ ಊರಿನ ಕಡೆ ಬರುತ್ತಿದೆ. ನಡುದಾರಿಯಲ್ಲಿ ವಾಪಸು ತಿರುಗಿಸಿದ್ದಾರೆ. ಆಸ್ಪತ್ರೆಗೆ ಹೋಗುವವರು ನಡುದಾರಿಯಲ್ಲಿ ಯಾಕೆ ತಿರುಗಿಸುತ್ತಾರೆ?

ವ್ಯಾನು ರಸ್ತೆ ಬದಿಗೆ ನಿಂತಿತು. ಮುಂದಿನ ಬಾಗಿಲಿನಿಂದ ಬೋರಮ್ಮ ಇಳಿದಳು. ಊರಿಗೆಲ್ಲ ಕೇಳುವ ಬಾಯಿ ಅವಳದು. ಆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

ಮುನೇಶನಿಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದೇ ಎರಡೂ ಕೈ ಎತ್ತಿ ಬೆರಳುಗಳನ್ನು ಕಿವಿಗಿಟ್ಟು ಅರಚಿದ.

"ಬಾಯಿ ಬುಟ್ಟೀಯ ಬೋರವ್ವ! ಬ್ಯಾಡ! ಹುಳ ಹಣ್ಣಾಗವೆ!"

ಬೋರಮ್ಮ ನಿಂತಲ್ಲೇ ನಿಂತಳು. ಹಿಂದೆ ಬರುತ್ತಿದ್ದ ಬೆಂಗಳೂರಿನ ಹುಡುಗನೊಬ್ಬ, ಈತನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡು ಬಳಸಿ ಹೋದ. ಬೋರಮ್ಮ ಬಾಯಿಂದ ಸೆರಗು ತೆಗೆದು ಕಣ್ಣು ಒರೆಸಿಕೊಂಡಳು. ಕಿವಿಯಿಂದ ಬೆರಳು ತೆಗಿ ಎಂದು ಸನ್ನೆ ಮಾಡಿದಳು. ಅವನು ತಲೆ ಅಲ್ಲಾಡಿಸಿದ. ಅವಳು ಕೈಮುಗಿದಳು. ಅವನು ಬೆರಳು ಒಂದಿಷ್ಟು ಸಡಿಲಿಸಿದ.

"ನಾನೇನೂ ಹೇಳಾಕೆ ಬಂದಿಲ್ಲ ಮಗ," ಅಂದಳು. "ಒಸಿ ನೀರು ತಂದೆ. ಕುಡಿ."

ಚೊಂಬು ಸುಚಿತ್ರಾಳದು. ಅವನು ಅದನ್ನು ತೆಗೆದುಕೊಂಡು, ವ್ಯಾನಿನ ಕಡೆಗೆ ಬೆನ್ನು ತಿರುಗಿಸಿ, ಸದ್ದಾಗದ ಹಾಗೆ ಕುಡಿದ. ಮೂರು ತಿಂಗಳ ಅಭ್ಯಾಸ. ಅದನ್ನು ನೋಡಿ ಸ್ಟಿಯರಿಂಗ್ ಹಿಡಿದಿದ್ದ ಮೆಹಬೂಬ್ ಮುಖ ಮುಚ್ಚಿಕೊಂಡ.

ಆಮೇಲಿನ ಒಂಬತ್ತು ಕಿಲೋಮೀಟರ್ ಅವನು ಹೇಗೆ ಓಡಿದ ಎಂದು ಯಾರೂ ಸರಿಯಾಗಿ ಹೇಳಲಾರರು. ವ್ಯಾನು ದಾಟಿ ಹೋಗಲಿಲ್ಲ. ಅವನ ಹಿಂದೆ, ಹತ್ತು ಮಾರು ದೂರದಲ್ಲಿ, ಮೊದಲ ಗೇರಿನಲ್ಲಿ ಬಂತು. ಕಿವಿಯಲ್ಲಿ ಬೆರಳಿಟ್ಟುಕೊಂಡು ಓಡುವುದು ಸುಲಭವಲ್ಲ, ಮೈ ವಾಲುತ್ತದೆ, ಉಸಿರು ಸಿಗುವುದಿಲ್ಲ. ಕೈ ಸೋತಾಗ ಬಿಡುವನು, ಆಗ ಎಂಜಿನ್ನಿನ ಸದ್ದು ಕೇಳುವುದು, ಮತ್ತೆ ಬೆರಳಿಡುವನು. ಕೆಂಗಲ್ಲಿನ ಮುಂದೆ ನಿಂತಿದ್ದ ಊರಿನವರು ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ವ್ಯಾನು ನೋಡಿ ಇಳಿಸಿದರು. ಏನೂ ಗೊತ್ತಿಲ್ಲದ ಶಾಲೆಯ ಮಕ್ಕಳು ಮಾತ್ರ "ಅಂಕಲ್, ಅಂಕಲ್" ಅಂತ ಕೂಗಿ ಕಿತ್ತಲೆ ತೊಳೆ ಕೊಡಲು ಬಂದವು.

ಎರಡು ಸಲ ಬಿದ್ದ. ಎರಡನೆಯ ಸಲ ಏಳಬೇಕೆನ್ನಿಸಲಿಲ್ಲ. ಡಾಂಬರಿನ ಮೇಲೆ ಅಂಗೈ ಊರಿಕೊಂಡು, ಯಾರಿಗಾಗಿ ಏಳಬೇಕು ಎಂದು ಬಾಯಿಬಿಟ್ಟೇ ಕೇಳಿದ. ಮಿಷನ್ ಬಂದರೂ ಅವಳು ಅದರ ಮುಂದೆ ಮಲಗುವುದಿಲ್ಲ. ಇಲ್ಲೇ ಬಿದ್ದುಕೊಂಡು, ವ್ಯಾನಿನ ಪರದೆ ಸರಿಸಿ, ಅವಳ ಪಾದ ಹಿಡಿದು ಅತ್ತುಬಿಟ್ಟರೆ ಯಾರು ಬೇಡ ಅನ್ನುತ್ತಾರೆ? ಹಿಂದೆ ವ್ಯಾನೂ ನಿಂತಿತ್ತು. ಅದರಿಂದ ಯಾರೂ ಇಳಿಯಲಿಲ್ಲ, ಯಾರೂ ಕರೆಯಲಿಲ್ಲ. ಅವನು ಏಳುವುದನ್ನೇ ಕಾಯುತ್ತ ಅದು ಗುರುಗುಟ್ಟುತ್ತ ನಿಂತಿತ್ತು. ಕೊನೆಗೆ ಮಂಡಿಯ ಮೇಲೆ ಭಾರ ಹಾಕಿ ಎದ್ದ.

ಕಾಲೇಜು ಮೈದಾನಕ್ಕೆ ಬರುವಾಗ ಹನ್ನೊಂದೂಮುಕ್ಕಾಲು. ಆರೂವರೆ ಗಂಟೆಗೆ ಮುಕ್ಕಾಲು ಗಂಟೆ ಉಳಿದಿತ್ತು. ಅನಂತರಾಜು ಓಡಿ ಬಂದು ಕೊರಳಿಗೆ ಪದಕ ಹಾಕಿದರು. ಶಾಮಿಯಾನದ ಕೆಳಗೆ ಅಂಕಯ್ಯ ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಕುರ್ಚಿಯ ಮೇಲೆ ಅವರ ಬಟ್ಟೆ ಚೀಲ ಇತ್ತು. ಮುನೇಶ್ ಅದನ್ನು ನೋಡಿ ಬೇರೆ ಕಡೆ ನೋಡಿದ.

ಬೋರಮ್ಮ ಹತ್ತಿರ ಬಂದಳು. "ಮುನೇಸ, ಮುಗೀತಲ್ಲ ಮಗ. ಈಗ..."

"ತಡಿಯವ್ವ. ಕೊಡ ಎಲ್ಲಿ?"

ಮುನಿಶಾಮಯ್ಯ ಕೊಡ ತಂದು ಜಮಖಾನದ ಮೇಲೆ ಬಗ್ಗಿಸಿದ. ಹಳದಿ, ಹಸಿರು ಗಂಟುಗಳ ರಾಶಿ. ಅನಂತರಾಜು ಗಡಿಯಾರ ನೋಡಿಕೊಂಡು, "ಇಷ್ಟೊಂದಾ? ಕತ್ತರಿ ತರಿಸ್ಲಾ?" ಅಂದರು.

"ಕತ್ತರಿ ಮುಟ್ಟಂಗಿಲ್ಲ ಸಾರ್," ಅಂದ ಮುನೇಶ್. ಮೊದಲ ಗಂಟಿಗೆ ಕೈ ಹಾಕಿದ.

ಏಳೂರಿನ ಜನ ಸುತ್ತ ಕೂತು ಬಿಚ್ಚಿದರು. ಉಗುರಿನಿಂದ, ಹಲ್ಲಿನಿಂದ. ಒಬ್ಬರೂ ಅಳಲಿಲ್ಲ. ಅತ್ತರೆ ಅವನಿಗೆ ಹೇಳಿದ ಹಾಗೆ ಎಂದು ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಗಂಟು ಕಚ್ಚಿ ಬಿಚ್ಚುವ ನೆಪದಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡರು. ಬಿಸಿಲಿನಲ್ಲಿ ವ್ಯಾನು ಬೇವಿನ ಮರದ ನೆರಳಿಗೆ ನಿಂತಿತ್ತು. ಮೆಹಬೂಬ್ ಅದರ ಬಾಗಿಲಿಗೆ ಬೆನ್ನು ಕೊಟ್ಟು, ಯಾರೂ ಹತ್ತಿರ ಬರದ ಹಾಗೆ ನಿಂತಿದ್ದ. ಅನಂತರಾಜು ಬರೆಯುತ್ತ ಬರೆಯುತ್ತ, ಇಷ್ಟು ಸಪ್ಪೆ ಮುಖದ ಗೆದ್ದ ಜನರನ್ನು ತಾವು ನೋಡಿಲ್ಲವೆಂದು ಪಕ್ಕದವರಿಗೆ ಇಂಗ್ಲಿಷಿನಲ್ಲಿ ಹೇಳಿದರು.

ಕೊನೆಗೆ ಉಳಿದದ್ದು ಒಂದು ಪುಟ್ಟ ಗಂಟು. ಅದನ್ನು ಯಾರೂ ಮುಟ್ಟಲಿಲ್ಲ, ಅವನ ಮುಂದಕ್ಕೆ ಸರಿಸಿದರು. ಮೂರೂ ಗಂಟು ಬಿಗಿಯಾಗಿದ್ದವು. ಅವನ ಬೆರಳು ಮರಗಟ್ಟಿದ್ದವು. ಹಲ್ಲಿನಿಂದ ಬಿಚ್ಚಿದ. ಅರಿಸಿನದ ಜೊತೆಗೆ ಕುಂಕುಮದ ವಾಸನೆ ಬಂತು.

ಒಳಗೆ ಒಂದು ರೂಪಾಯಿ ಇತ್ತು, ಕತ್ತರಿಸಿದ ಕಾಲುಂಗುರಗಳು ಇದ್ದವು.

ಬೋರಮ್ಮ ತಡೆಯಲಾರದೆ, "ಅದನ್ನ ಇಟ್ಕೊ ಮಗ," ಅಂದಳು. "ಅದು ಬೇಕಾಯ್ತದೆ. ಅವಳ ಕಾಲಿಗೆ..." ತಟ್ಟನೆ ಬಾಯಿ ಮುಚ್ಚಿಕೊಂಡಳು.

ಅವನು ಕೇಳಿಸದವನ ಹಾಗೆ ಆ ತುಂಡುಗಳನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದ. ಮುಡಿಪಿಗೆ ಹಾಕಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದನ್ನು ಅವನಿಗಿಂತ ಚೆನ್ನಾಗಿ ತಿಳಿದೇ ಅವಳು ಹಾಕಿದ್ದಳು. ರಾಶಿಯ ಮೇಲಿಟ್ಟ.

"ಬೆಳ್ಳಿ ಸಾರ್. ಬರ್ಕೊಳಿ."

ಅನಂತರಾಜು ಬರೆದುಕೊಂಡರು. ಕೂಡಿಸಿ, ಮೂರರಷ್ಟು ಹಾಕಿ, ಮಿಷನ್ನಿಗೆ ಸಾಕಾಗಿ ಮಿಗುತ್ತದೆ ಎಂದರು. ಮುನೇಶ್ ತೋರಿಸಿದ ಕಡೆ ರುಜು ಹಾಕಿದ. ಅಂಕಯ್ಯ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು.

ಅವನು ಎದ್ದ. ಕುಂಟುತ್ತ ಮೈದಾನದ ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆದ. ರಕ್ತ ಹತ್ತಿದ ಬೂಟು ಬಿಚ್ಚಿ ಕಾಲು ತೊಳೆದ. ಪದಕ ತೆಗೆದು ನಲ್ಲಿಗೆ ನೇತುಹಾಕಿದ. ಬರಿಗಾಲಿನಲ್ಲಿ ಬೇವಿನ ಮರದ ತನಕ ನಡೆದು ಬಂದು, ವ್ಯಾನಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ಈಗ ಹೇಳವ್ವ," ಅಂದ. "ಯಾರು?"